ಈಶಾನ್ಯಕ್ಕೆ ಉರುಳಿದ ಗೋಲಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಮಾರಲು ಕಾಗದಪತ್ರಗಳಿಗೇನೂ ಕೊರತೆ ಇರಲಿಲ್ಲ. ಮೂಲ ಕ್ರಯಪತ್ರ, ಇ-ಖಾತಾ, ಕಂದಾಯದ ರಸೀದಿ, 30 ವರ್ಷದ ಇ.ಸಿ., ವಂಶವೃಕ್ಷ ಎಲ್ಲವೂ ಫೈಲಿನಲ್ಲಿದ್ದವು. ಕೊರತೆ ಇದ್ದದ್ದು ನನ್ನ ಸಂಯಮಕ್ಕೆ. ನೋಡಲು ಬಂದವರು ‘ಅಡುಗೆಮನೆ ಚಿಕ್ಕದಾಯ್ತು’ ಅಂದರೆ ಸಾಕು, ‘ನೀವು ಅಡುಗೆ ಮಾಡ್ತೀರೋ, ಹೋಟೆಲಿಂದ ತರಿಸ್ತೀರೋ?’ ಎಂದು ಕೇಳಿಬಿಡುತ್ತಿದ್ದೆ. ಬ್ರೋಕರ್ ನನ್ನ ಕಾಲು ತುಳಿದು ತುಳಿದು ಸೋತ.

ಕೊನೆಗೊಂದು ಸಾಫ್ಟ್‌ವೇರ್ ದಂಪತಿ ಬಂದರು, ಜೊತೆಗೆ ಹುಡುಗಿಯ ತಂದೆ, ನಿವೃತ್ತ ಇಂಜಿನಿಯರ್. ಹಿರಿಯರು ನಾಣ್ಯದಿಂದ ಗೋಡೆ ತಟ್ಟಿದರು, ಸಂಪಿನೊಳಗೆ ಇಣುಕಿದರು, ನಲ್ಲಿಗಳನ್ನೆಲ್ಲ ಒಟ್ಟಿಗೇ ತಿರುಗಿಸಿದರು. ಆಮೇಲೆ ಜೇಬಿನಿಂದ ಒಂದು ಗೋಲಿ ತೆಗೆದು ಹಾಲಿನ ರೆಡ್ ಆಕ್ಸೈಡ್ ನೆಲದ ಮೇಲಿಟ್ಟರು.

ಗೋಲಿ ಕ್ಷಣಕಾಲ ಯೋಚಿಸಿತು. ನಾನು ಚಾಮುಂಡಿಗೆ ಹರಕೆ ಹೊತ್ತೆ. ಹೊರಟೇಬಿಟ್ಟಿತು! ಮೊದಲು ಹೊಸ ಸೊಸೆಯ ಸಂಕೋಚದಲ್ಲಿ, ಆಮೇಲೆ ಯಜಮಾನಿಯ ಠೀವಿಯಲ್ಲಿ. ದಿವಾನದ ಕೆಳಗೆ ನುಸುಳಿತು. ನಾವೆಲ್ಲ ಮೊಣಕಾಲೂರಿ ಬಗ್ಗಿದೆವು. ಆಚೆ ಕಡೆ ಹೊರಬಂತು. ಹಿರಿಯರು, ಮಗಳು, ಅಳಿಯ, ಬ್ರೋಕರ್, ನಾನು, ಕಾಫಿ ತಟ್ಟೆ ಹಿಡಿದ ನನ್ನ ಹೆಂಡತಿ, ಎಲ್ಲರೂ ಅದರ ಹಿಂದೆ ಮೆರವಣಿಗೆ ಹೊರಟೆವು. ದಾರಿಯಲ್ಲಿ ಹೆಬ್ಬೆರಳನ್ನು ಚೂರು ಮುಂದಿಟ್ಟೆ. ‘ಕಾಲು ತೆಗೀರಿ ಸ್ವಾಮಿ’ ಎಂದರು ಹಿರಿಯರು. ತೆಗೆದೆ. ಗೋಲಿ ದೇವರಕೋಣೆಯ ಹೊಸ್ತಿಲನ್ನು ಸವರಿಕೊಂಡು, ಮೂಲೆಗೆ ಹೋಗಿ ಟಣ್ಣೆಂದಿತು. ಬ್ರೋಕರ್ ಕಣ್ಣು ಮುಚ್ಚಿದ.

ಹಿರಿಯರು ಮೊಬೈಲಿನಲ್ಲಿ ದಿಕ್ಸೂಚಿ ನೋಡಿದರು. ಮುಖ ಅರಳಿತು. ‘ಈಶಾನ್ಯ! ಇಳಿಜಾರು ಈಶಾನ್ಯಕ್ಕೇ ಇದೆಯಲ್ರೀ! ವಾಸ್ತು ಪ್ರಕಾರ ಇನ್ನೇನು ಬೇಕು?’

ಗಾರೆಯವನು ಅವತ್ತು ರಸಮಟ್ಟ ತಂದಿರಲಿಲ್ಲವೆಂದು ಅಪ್ಪ ಬದುಕಿರುವ ತನಕ ಬೈದುಕೊಂಡಿದ್ದರು. ‘ಅಪ್ಪ ಬೇಕಂತಲೇ ಹಾಗೆ ಮಾಡಿಸಿದ್ದು’ ಎಂದೆ. ಹೆಂಡತಿ ಕಾಫಿ ತಟ್ಟೆಯೊಂದಿಗೆ ಒಳಗೆ ಓಡಿದಳು, ನಗಲು.

ಆಗ ಅಳಿಯ ಕೇಳಿದ: ‘ಅಂಕಲ್, ಈ ಮನೇಲಿ ಯಾರಾದರೂ ತೀರಿಕೊಂಡಿದ್ದಾರಾ?’ ಹುಟ್ಟಿದವರೆಷ್ಟು ಮಂದಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೌದೆಂದು ಹೇಳಿ ಅಪ್ಪನ ಕೋಣೆ ತೋರಿಸಿದೆ. ಈಶಾನ್ಯಕ್ಕೆ ಒಂದು ಪೈಸೆ ಏರಿಸದವರು ಅಪ್ಪನ ಲೆಕ್ಕದಲ್ಲಿ ಒಂದು ಲಕ್ಷ ಇಳಿಸಲು ನೋಡಿದರು. ನಾನು ಒಪ್ಪಲಿಲ್ಲ. ಬ್ರೋಕರ್ ಕೂಡ ಆಗ ಕಾಲು ತುಳಿಯಲಿಲ್ಲ.

ಕರಾರು ವಕೀಲರ ಮನೆಯಲ್ಲಿ ಆಯಿತು. ನೂರಕ್ಕೆ ಹತ್ತು ಮುಂಗಡ, ಮೂರು ತಿಂಗಳ ಗಡುವು, 50 ಲಕ್ಷ ದಾಟಿದ್ದರಿಂದ ಅವರು ಹಿಡಿದುಕೊಳ್ಳುವ ಶೇ. 1 ಟಿ.ಡಿ.ಎಸ್., ಬ್ಯಾಂಕು ಸಾಲ ಕೊಡದಿದ್ದರೆ ಮುಂಗಡದ ಗತಿ, ಎಲ್ಲ ಬರೆದದ್ದಾಯಿತು. ‘ದೋಷ ಏನಾದರೂ ಇದೆಯೇ?’ ಎಂದರು ವಕೀಲರು. ಕೊಳ್ಳುವವನು ಎಚ್ಚರದಿಂದ ನೋಡಿದರೂ ಕಾಣದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕೆನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಬಚ್ಚಲಗೋಡೆಯೊಳಗಿನ ಪೈಪು ಜಿನುಗುತ್ತದೆ ಎಂದೆ. ‘ನಾಣ್ಯದಲ್ಲಿ ತಟ್ಟಿದಾಗಲೇ ಗೊತ್ತಾಯ್ತು, ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ’ ಎಂದರು ಹಿರಿಯರು. ರಿಪೇರಿ ಖರ್ಚು ಅರ್ಧರ್ಧ ಎಂದು ಅದನ್ನೂ ಬರೆಸಿದೆವು.

ಮನೆ ಮಾರುವವರಿಗೆ ನನ್ನದೊಂದು ಮಾತು. ಸೋರುವುದನ್ನು ಬರೆಸಿ, ಮುಂಗಡ ಯಾವಾಗ ವಾಪಸ್ಸು, ಯಾವಾಗ ಇಲ್ಲ ಎಂಬುದನ್ನೂ ಬರೆಸಿ. ಅಪ್ಪ ಸತ್ತದ್ದಕ್ಕೆ ಮಾತ್ರ ರಿಯಾಯಿತಿ ಕೊಡಬೇಡಿ; 55ನೇ ಕಲಮಿನಲ್ಲಿ ಅದು ಇಲ್ಲ.