ವೈಫೈ ಡ್ರೈವರಿನ ಕಾಲ, ಕರ್ತೃತ್ವ ಮತ್ತು ಪಾಠಶೋಧನೆ: ಒಂದು ಹಳೆಯ ಲ್ಯಾಪ್‌ಟಾಪನ್ನು ಆಧರಿಸಿ

ಕನ್ನಡ ವಿದ್ವತ್ತು ಹೆಚ್ಚೇನನ್ನೂ ಬಿಟ್ಟಿಲ್ಲ. ಕವಿರಾಜಮಾರ್ಗವನ್ನು ಬರೆದದ್ದು ನೃಪತುಂಗನೋ ಶ್ರೀವಿಜಯನೋ, ಕುಮಾರವ್ಯಾಸನ ಕಾಲ ಯಾವುದು ಎಂಬ ಪ್ರಶ್ನೆಗಳ ಮೇಲೆ ತಲೆಮಾರುಗಟ್ಟಲೆ ಪಂಡಿತರು ಜಗಳಾಡಿದ್ದಾರೆ. ಆದರೆ ನಾಡಿನ ಮನೆಮನೆಗಳಲ್ಲಿ, ಅಟ್ಟದ ಮೇಲೂ ಬೀರುವಿನ ತಳದಲ್ಲೂ ಮಲಗಿರುವ ಹಳೆಯ ಲ್ಯಾಪ್‌ಟಾಪುಗಳ ವೈಫೈ ಡ್ರೈವರ್ ಕುರಿತು ಒಂದು ಎಂ.ಫಿಲ್. ಪ್ರಬಂಧ ಬಂದದ್ದೂ ಕಾಣೆ. ಈ ಕೊರತೆಯನ್ನು ತುಂಬುವ ಭಾರ ನಮ್ಮ ಮೇಲೆ ಬಿದ್ದಿದೆ. ಲ್ಯಾಪ್‌ಟಾಪ್ ಒಂದೇ, ಸಂಶೋಧಕನೂ ಒಬ್ಬನೇ. ‘ನಮ್ಮ’ ಎಂದಿರುವುದು ಸಂಪ್ರದಾಯಾನುಸಾರ.

ಮೊದಲು ಆಕರಪ್ರತಿಯ ವರ್ಣನೆ. ಪ್ರತಿ 2007ರ ಸುಮಾರಿನದು. ತಳದ ಸ್ಟಿಕ್ಕರ್ ಶಿಥಿಲವಾಗಿದ್ದು ‘ವಿಂಡೋಸ್ ವಿ’ ಎಂಬಷ್ಟು ಓದಲು ಬರುತ್ತದೆ. ಮುಂದೆ ತ್ರುಟಿತ, ‘ವಿಸ್ಟಾ’ ಎಂದು ಊಹಿಸಬಹುದು. ಕೀಬೋರ್ಡಿನಲ್ಲಿ ಒಂದು ಅಕ್ಷರ ಲುಪ್ತ. ಬ್ಯಾಟರಿ ಹೆಸರಿಗಷ್ಟೇ ಇದೆ, ಚಾರ್ಜರ್ ಕಿತ್ತರೆ ಗ್ರಂಥ ಅಲ್ಲಿಗೆ ಸಮಾಪ್ತ. ಒಳಗಿನ ಬರಹಕ್ಕೆ ಮೂರು ಪದರ: ವಿಸ್ಟಾವನ್ನು ಒರೆಸಿ ವಿಂಡೋಸ್ 7, ಅದನ್ನೂ ಒರೆಸಿ ವಿಂಡೋಸ್ 10. ಕಾರ್ಡು ಮಾತ್ರ ಮೂಲದ್ದೇ. ಇಂಟೆಲ್ ಪ್ರೊ/ವೈರ್‌ಲೆಸ್ 3945ಎಬಿಜಿ, 2006ರಲ್ಲಿ ಮಾರುಕಟ್ಟೆಗೆ ಬಂದದ್ದು, ವೇಗ ಹೆಚ್ಚೆಂದರೆ ಸೆಕೆಂಡಿಗೆ 54 ಮೆಗಾಬಿಟ್. ಎ, ಬಿ, ಜಿ ಎಂಬವು ಅದು ಬಲ್ಲ ಮೂರು ವೈಫೈ ಸಂಪ್ರದಾಯಗಳು. ಮೊದಲೆರಡು 1999ರವು, ಜಿ 2003ರದು. 2009ರಲ್ಲಿ ಎನ್ ಬಂತು, 2013ರಲ್ಲಿ ಎಸಿ ಬಂತು. ಜಿ ಬಳಿಕದ ಈ ಸಾಹಿತ್ಯವನ್ನು ಈ ಕಾರ್ಡು ಓದಿಲ್ಲ, ಓದುವ ಉತ್ಸಾಹವೂ ಅದಕ್ಕಿಲ್ಲ.

ಸಮಸ್ಯೆ ಹೀಗಿದೆ. ಡಿವೈಸ್ ಮ್ಯಾನೇಜರ್ ತೆರೆದರೆ ಕಾರ್ಡಿನ ಹೆಸರಿಗೆ ಅಂಟಿಕೊಂಡು ಒಂದು ಪುಟ್ಟ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಎರಡು ಸಲ ಕ್ಲಿಕ್ಕಿಸಿದರೆ, ಈ ಡಿವೈಸ್ ಶುರುವಾಗಲಾರದು, ಕೋಡ್ 10 ಎಂಬ ಒಕ್ಕಣೆ. ಇದರ ವ್ಯಾಖ್ಯಾನದಲ್ಲಿ ಮೂರು ಪಂಥಗಳಿವೆ. ರೀಸ್ಟಾರ್ಟ್ ಪಂಥದವರು ಸಕಲ ದೋಷಕ್ಕೂ ಪುನರ್ಜನ್ಮವೇ ಪರಿಹಾರ ಎನ್ನುತ್ತಾರೆ. ಫಾರ್ಮ್ಯಾಟ್ ಪಂಥದವರು ಒಂದು ಅಕ್ಷರ ತಪ್ಪಿದ್ದಕ್ಕೆ ಇಡೀ ಗ್ರಂಥವನ್ನೇ ಸುಡುವ ಪೈಕಿ. ‘ಹೊಸದು ತಗೊಳ್ರೀ’ ಎಂಬ ಮೂರನೆಯ ಪಂಥದ ಏಕೈಕ ಪ್ರತಿಪಾದಕಿ ನಮ್ಮ ಮನೆಯವರು. ಅವರ ವಾದಕ್ಕೆ ಖಂಡನೆ ಹೊಳೆಯದ ಕಾರಣ ಅದನ್ನು ಈ ಪ್ರಬಂಧದ ವ್ಯಾಪ್ತಿಯಿಂದ ಹೊರಗಿಡಲಾಗಿದೆ.

ಇನ್ನು ಕಾಲವಿಚಾರ. ಡ್ರೈವರಿನ ತೇದಿ ನೋಡಹೊರಟ ಸಂಶೋಧಕ ಮೊದಲ ದಿನವೇ ದಿಗಿಲುಬೀಳುತ್ತಾನೆ. ಮೈಕ್ರೋಸಾಫ್ಟ್ ವಿಂಡೋಸ್ ಜೊತೆಯಲ್ಲೇ ಕೊಡುವ ತನ್ನ ಬಹುಪಾಲು ಡ್ರೈವರುಗಳ ಮೇಲೆ ಒಂದೇ ತಾರೀಕು, 2006ರ ಜೂನ್ 21. ಕೀಬೋರ್ಡಿನದಕ್ಕೂ ಅದೇ, ಮೌಸಿನದಕ್ಕೂ ಅದೇ. 2015ರಲ್ಲಿ ಬಂದ ವಿಂಡೋಸ್ 10ರೊಳಗೂ ಅದೇ. ಇಂಟೆಲಿನ ಚಿಪ್‌ಸೆಟ್ ಡ್ರೈವರುಗಳು ಇನ್ನೂ ಒಂದು ಹೆಜ್ಜೆ ಮುಂದೆ, ಅಂದರೆ ಹಿಂದೆ. ಅವುಗಳ ಮೇಲೆ 1968ರ ಜುಲೈ 18 ಎಂದಿರುತ್ತದೆ. ಮೈಕ್ರೋಸಾಫ್ಟ್ ಹುಟ್ಟಿದ್ದು 1975ರಲ್ಲಿ. ವೈಫೈಗೆ ಆಧಾರವಾದ 802.11 ಎಂಬ ಲಕ್ಷಣಗ್ರಂಥ ಹೊರಬಂದದ್ದು 1997ರಲ್ಲಿ. ವಿಂಡೋಸ್ ಹುಟ್ಟುವ ಮೊದಲೇ ವಿಂಡೋಸಿಗೆ ಡ್ರೈವರ್ ಬರೆದ ಆ ಮಹಾನುಭಾವ ಯಾರು? ನಾವೂ ಆತನ ಜನ್ಮಸ್ಥಳದ ಹುಡುಕಾಟಕ್ಕೆ ಸಿದ್ಧರಾಗಿದ್ದೆವು. ಅಷ್ಟರಲ್ಲಿ ತಿಳಿಯಿತು, 1968ರ ಜುಲೈ 18 ಇಂಟೆಲ್ ಕಂಪನಿ ಸ್ಥಾಪನೆಯಾದ ದಿನ.

ಈ ಸುಳ್ಳಿಗೆ ಕಾರಣವಿದೆ. ಒಂದೇ ಯಂತ್ರಭಾಗಕ್ಕೆ ಎರಡು ಡ್ರೈವರುಗಳು ಸಮಸಮವಾಗಿ ಹೊಂದಿದಾಗ ವಿಂಡೋಸ್ ನೋಡುವುದು ತಾರೀಕನ್ನು. ತಾರೀಕೂ ಒಂದೇ ಆದರೆ ಆವೃತ್ತಿಯ ಸಂಖ್ಯೆಯನ್ನು. ಲ್ಯಾಪ್‌ಟಾಪ್ ತಯಾರಕರು ತಮ್ಮ ಯಂತ್ರಕ್ಕೆಂದೇ ತಿದ್ದಿಕೊಟ್ಟ ಡ್ರೈವರ್ ಇದ್ದಲ್ಲಿ, ಊರಿಗೆಲ್ಲ ಒಂದೇ ಅಳತೆಯ ಡ್ರೈವರ್ ಬಂದು ಅದನ್ನು ಎಬ್ಬಿಸಿ ಕೂರಬಾರದು. ಅದಕ್ಕಾಗಿ ಬೇಕೆಂದೇ ಹಿಂದಿನ ತಾರೀಕು ಹಾಕುತ್ತಾರೆ. ತಲಕಾಡು ಗಂಗರ ಎಷ್ಟೋ ತಾಮ್ರಪಟಗಳನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು, ಅಂದರೆ ನಕಲಿಗಳೆಂದು, ತಳ್ಳಿಹಾಕಿದರು, ಬಿ.ಎಲ್. ರೈಸ್ ಅವುಗಳ ಪರವಾಗಿ ನಿಂತರು. ಆ ಜಗಳದಲ್ಲೂ ತೇದಿಯ ಪಾತ್ರ ದೊಡ್ಡದು. ಆದರೆ ತಾಮ್ರಪಟದ ಕೂಟಗಾರ ಸುಳ್ಳು ಪ್ರಾಚೀನತೆ ಹಚ್ಚುವುದು ಭೂಮಿಯ ಮೇಲೆ ಹಕ್ಕು ಸಾಧಿಸಲಿಕ್ಕೆ. ಇಂಟೆಲಿನವರು ಹಚ್ಚುವುದು ಹಕ್ಕು ಬಿಟ್ಟುಕೊಡಲಿಕ್ಕೆ. ನಮ್ಮ ಶಾಸನಶಾಸ್ತ್ರದಲ್ಲಿ ಇಂಥ ಔದಾರ್ಯಕ್ಕೆ ಪೂರ್ವನಿದರ್ಶನವಿದ್ದಂತೆ ತೋರದು.

ಹೀಗಿರುವಾಗ, ‘ಅಪ್‌ಡೇಟ್ ಡ್ರೈವರ್’ ಒತ್ತಿದೊಡನೆ ‘ದಿ ಬೆಸ್ಟ್ ಡ್ರೈವರ್ಸ್ ಫಾರ್ ಯುವರ್ ಡಿವೈಸ್ ಆರ್ ಆಲ್‌ರೆಡಿ ಇನ್‌ಸ್ಟಾಲ್ಡ್’ ಎಂದು ಬರುವ ತೀರ್ಪನ್ನು ಎಷ್ಟು ನಂಬಬೇಕು? ತೀರ್ಪುಗಾರನು ಸಹಿ ಪರೀಕ್ಷಿಸಿದ್ದಾನೆ, ಹೆಸರು ತಾಳೆ ನೋಡಿದ್ದಾನೆ, ತಾರೀಕು ನೋಡಿದ್ದಾನೆ. ವೈಫೈ ಬರುತ್ತಿದೆಯೇ ಎಂದು ಮಾತ್ರ ನೋಡಿಲ್ಲ.

ಕರ್ತೃತ್ವದ ವಿಚಾರ ಅಷ್ಟು ಜಟಿಲವಲ್ಲ. ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅದರಲ್ಲಿ ಹಾರ್ಡ್‌ವೇರ್ ಐಡಿ ತೆರೆದರೆ ‘ವೆನ್ 8086, ಡೆವ್ 4222, ಸಬ್‌ಸಿಸ್’ ಎಂದೇನೋ ಒಂದು ಸಾಲು ಸಿಗುತ್ತದೆ. ಶಾಸನದ ವಂಶಾವಳಿ ಭಾಗ ಇದೇ. 8086 ಎಂದರೆ ಇಂಟೆಲ್. 1978ರ ತನ್ನ ಪ್ರೊಸೆಸರಿನ ಹೆಸರನ್ನೇ ಆ ಕಂಪನಿ ಬಿರುದಾಗಿ ಧರಿಸಿದೆ. 14ಇ4 ಎಂದಿದ್ದರೆ ಬ್ರಾಡ್‌ಕಾಮ್, 168ಸಿ ಎಂದಿದ್ದರೆ ಅಥೆರೋಸ್. 4222 ಎಂಬುದು ಕಾರ್ಡಿನ ಮಾದರಿ. ಸಬ್‌ಸಿಸ್ ಮುಂದಿನ ಅಂಕಿಗಳು ಅದು ಯಾರ ಯಂತ್ರಕ್ಕಾಗಿ ತಯಾರಾಯಿತೆಂದು ಹೇಳುತ್ತವೆ. ಒಂದೇ ಮಾದರಿಯ ಲ್ಯಾಪ್‌ಟಾಪನ್ನು ಎರಡು ಮೂರು ಕಂಪನಿಗಳ ಕಾರ್ಡು ಹಾಕಿ ಮಾರುತ್ತಿದ್ದ ಕಾಲವದು. ಈ ಸಾಲನ್ನು ಓದದೆ ಬರೀ ಲ್ಯಾಪ್‌ಟಾಪಿನ ಹೆಸರು ನೋಡಿ ಡ್ರೈವರ್ ಇಳಿಸಿಕೊಳ್ಳುವವರು, ಒಬ್ಬ ಕವಿಯ ಪದ್ಯವನ್ನು ಅದೇ ಹೆಸರಿನ ಇನ್ನೊಬ್ಬ ಕವಿಗೆ ಕಟ್ಟಿದವರ ಗುಂಪಿಗೆ ಸೇರುತ್ತಾರೆ.

ಗ್ರಂಥಸಂಪಾದನೆ ಬಲ್ಲವರಿಗೆ ಗೊತ್ತು, ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರ ಅಪಾಯಕಾರಿ. ದಡ್ಡ ಇದ್ದುದನ್ನು ಇದ್ದಂತೆ, ತಪ್ಪನ್ನೂ ತಪ್ಪದೆ ನಕಲಿಸುತ್ತಾನೆ. ಜಾಣ ತನಗೆ ಸರಿ ಕಂಡಂತೆ ತಿದ್ದುತ್ತಾನೆ, ಮೂಲಪಾಠ ಕಣ್ಮರೆಯಾಗುತ್ತದೆ. ವಿಂಡೋಸ್ ಅಪ್‌ಡೇಟ್ ಈ ಎರಡನೆಯ ಜಾತಿ. ರಾತ್ರಿ ಎಲ್ಲ ಸರಿಯಿದ್ದ ಲ್ಯಾಪ್‌ಟಾಪನ್ನು ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ತೆರೆದರೆ ತ್ರಿಕೋನ ಬಂದು ಕೂತಿರುತ್ತದೆ. ನಮ್ಮ ಓಲೆಗರಿಯ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುವುದುಂಟು. ಇಲ್ಲಿ ಆ ವಿನಯದ ಬದಲಿಗೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಇದೆ, ಹಳೆಯ ಪಾಠ ಡಿಸ್ಕಿನಲ್ಲಿ ಉಳಿದಿದ್ದರೆ ಮಾತ್ರ ಅದು ಒತ್ತಲು ಸಿಗುತ್ತದೆ. ಉಳಿದಿಲ್ಲದಿದ್ದರೆ ಮಸುಕಾಗಿ ನಿಂತು ನಿಮ್ಮನ್ನೇ ನೋಡುತ್ತದೆ.

ನಿಜವಾದ ಕೂಟಶಾಸನಗಳನ್ನು ನೋಡಬೇಕೆಂದಿದ್ದರೆ ಡ್ರೈವರ್ ಅಪ್‌ಡೇಟರ್ ಎಂಬ ಬಿಟ್ಟಿ ತಂತ್ರಾಂಶಗಳನ್ನು ನೋಡಬೇಕು. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಓಡಿ, ನಿಮ್ಮ ಯಂತ್ರದಲ್ಲಿ ಡಜನ್‌ಗಟ್ಟಲೆ ಡ್ರೈವರುಗಳು ಹಳತಾಗಿವೆ ಎಂದು ಕೆಂಪಕ್ಷರದಲ್ಲಿ ಸಾರುತ್ತದೆ. ಆ ಪಟ್ಟಿಯಲ್ಲಿ ನಮ್ಮ ಪರಿಚಯದ 2006ರ ಜೂನ್ 21ನ್ನೂ ತೋರಿಸಿ ಹೆದರಿಸುವುದುಂಟು. ಸರಿಪಡಿಸಲು ದಾನ, ದಕ್ಷಿಣೆ, ಕ್ರೆಡಿಟ್ ಕಾರ್ಡ್ ನಂಬರ್.

ತರ್ಕಶಾಸ್ತ್ರದ ದೃಷ್ಟಿಯಿಂದಲೂ ವಿಷಯ ಶ್ರೀಮಂತವಾಗಿದೆ. ವೈಫೈ ಬರಬೇಕಾದರೆ ಡ್ರೈವರ್ ಬೇಕು. ಡ್ರೈವರ್ ಇಳಿಸಿಕೊಳ್ಳಬೇಕಾದರೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬರಬೇಕಾದರೆ ವೈಫೈ ಬೇಕು. ನೈಯಾಯಿಕರು ಎರಡರ ನಡುವಿನದನ್ನು ಅನ್ಯೋನ್ಯಾಶ್ರಯವೆಂದೂ, ಮೂರರ ನಡುವಿನದನ್ನು ಚಕ್ರಕವೆಂದೂ ಕರೆದು ದೋಷದ ಪಟ್ಟಿಗೆ ಸೇರಿಸಿದರು. ಪರಿಹಾರ ಹೇಳಲಿಲ್ಲ. ಪರಿಹಾರ ಮೊಬೈಲಿನ ಯುಎಸ್‌ಬಿ ಟೆದರಿಂಗ್: ಚಾರ್ಜ್ ಮಾಡುವ ಅದೇ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿದರಾಯಿತು. ಫೋನಿನ ಇಂಟರ್ನೆಟ್ ತಂತಿಯಲ್ಲೇ ಇಳಿದುಬರುತ್ತದೆ.

ಲಿನಕ್ಸ್ ಸಂಪ್ರದಾಯವನ್ನು ಹೇಳದಿದ್ದರೆ ಪಕ್ಷಪಾತವಾದೀತು. ಬ್ರಾಡ್‌ಕಾಮ್ ಕಾರ್ಡುಗಳಿಗೆ ಮುಕ್ತ ಡ್ರೈವರ್ ಇಲ್ಲದಿದ್ದ ಕಾಲದಲ್ಲಿ ಅಲ್ಲಿನ ಪಂಡಿತರು ಎರಡು ತಂಡವಾದರು. ಒಂದು ತಂಡ ಕಂಪನಿಯ ಡ್ರೈವರನ್ನು ಬಿಚ್ಚಿ ಓದಿ, ಕಾರ್ಡು ಹೇಗೆ ವರ್ತಿಸುತ್ತದೆಂದು ವಿವರ ಬರೆಯಿತು. ಇನ್ನೊಂದು ತಂಡ ಮೂಲವನ್ನು ಕಣ್ಣೆತ್ತಿಯೂ ನೋಡದೆ, ಆ ವಿವರವನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. ಕೃತಿಸ್ವಾಮ್ಯದ ತಕರಾರು ಬರಬಾರದೆಂದು ಈ ಮಡಿ. ವ್ಯಾಖ್ಯಾನದಿಂದ ಮೂಲವನ್ನು ಹುಟ್ಟಿಸಿದ ಈ ಸಾಹಸ ಲಿನಕ್ಸಿನ 2.6.17ನೆಯ ಆವೃತ್ತಿಯಲ್ಲಿ ಸೇರಿತು; ಆ ಆವೃತ್ತಿ ಹೊರಬಂದದ್ದೂ 2006ರ ಜೂನಿನಲ್ಲೇ. ಡ್ರೈವರುಗಳ ಜಾತಕದಲ್ಲಿ ಆ ತಿಂಗಳಿಗೆ ಏನೋ ವಿಶೇಷವಿದೆ, ಜ್ಯೋತಿಷಿಗಳು ಗಮನಿಸಬೇಕು. ಅಷ್ಟೂ ತಾಳ್ಮೆಯಿಲ್ಲದವರಿಗೆ ಎನ್‌ಡಿಐಎಸ್‌ರ್‍ಯಾಪರ್ ಎಂಬುದಿತ್ತು, ವಿಂಡೋಸಿನ ಡ್ರೈವರನ್ನೇ ಲಿನಕ್ಸಿನೊಳಗೆ ವೇಷ ಹಾಕಿಸಿ ಕುಣಿಸುವ ಏರ್ಪಾಡು.

ಗ್ರಂಥಸ್ಥ ಆಧಾರಗಳು ಮುಗಿದಲ್ಲಿ ಕ್ಷೇತ್ರಕಾರ್ಯ ಆರಂಭ. ನಮ್ಮ ವಕ್ತೃ ಬೆಂಗಳೂರಿನ ಎಸ್.ಪಿ. ರೋಡಿನ ಕಿಷ್ಕಿಂಧೆಯಂಥ ಮಳಿಗೆಯೊಂದರಲ್ಲಿ, ಸುತ್ತ ಬಿಚ್ಚಿಟ್ಟ ಮದರ್‌ಬೋರ್ಡುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ ಹುಡುಗ. ವಯಸ್ಸು ಕಾರ್ಡಿನಷ್ಟೇ ಇದ್ದೀತು. ಎಡಗೈಯಲ್ಲಿ ಟೀ ಲೋಟ. ತ್ರಿಕೋನವನ್ನು ನೋಡಿದವನೇ ಹೇಳಿದ:

‘ಅಂಕಲ್, ಇದಕ್ಕೆ ಲೇಟೆಸ್ಟ್ ಹಾಕ್ಬಾರ್ದು. ಸೆವೆನ್‌ದು ಹಾಕಿ, ಸೆಟ್ ಆಗತ್ತೆ.’

‘ಟೆನ್‌ಗೆ ಸೆವೆನ್‌ದು ಹೇಗಪ್ಪಾ ಹೊಂದುತ್ತೆ?’

‘ವಿಂಡೋಸ್ ಬದ್ಲಾಗಿದೆ ಅಂಕಲ್. ಕಾರ್ಡ್ ಬದ್ಲಾಗಿಲ್ವಲ್ಲ.’

ಪಾಠಶೋಧನೆಯ ಮೇಲೆ ಇಷ್ಟು ಅಡಕವಾದ ಮಾತನ್ನು ನಾವು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ. ಲೋಟ ಕೆಳಗಿಡದೆ, ಬಲಗೈಯೊಂದರಲ್ಲೇ ಅವನು ಮಾಡಿದ್ದಿಷ್ಟು: ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್, ಹ್ಯಾವ್ ಡಿಸ್ಕ್, ತನ್ನ ಪೆನ್‌ಡ್ರೈವಿನಲ್ಲಿದ್ದ ಹಳೆಯ ಫೋಲ್ಡರು. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ತ್ರಿಕೋನ ಹೋಯಿತು, ಮೂಲೆಯಲ್ಲಿ ಬಿಲ್ಲಿನಾಕಾರದ ಗೆರೆಗಳು ಒಂದರ ಮೇಲೊಂದು ಎದ್ದವು. ಆಮೇಲೆ ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗಿಗೆ ಹೋಗಿ ‘ನೋ’ ಎಂದು ಒತ್ತಿ, ಜಾಣ ಲಿಪಿಕಾರನನ್ನು ಮನೆಗೆ ಕಳಿಸಿದ. ಇತ್ತೀಚಿನ ಪ್ರತಿಯೇ ಶುದ್ಧಪ್ರತಿ ಎಂಬ ಭ್ರಮೆ ಲ್ಯಾಪ್‌ಟಾಪ್ ಲೋಕದಲ್ಲಿ ವ್ಯಾಪಕವಾಗಿದೆ. ಕಾರ್ಡಿಗೂ ಯಂತ್ರಕ್ಕೂ ಹತ್ತಿರದ ಕಾಲದಲ್ಲಿ ಹುಟ್ಟಿದ ಪಾಠವೇ ಹಲವೆಡೆ ಗ್ರಾಹ್ಯ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಅದನ್ನು ಹುಡುಗ ಟೀ ಆರುವುದರೊಳಗೆ ಸಾಧಿಸಿಬಿಟ್ಟದ್ದು ಪ್ರಬಂಧದ ಉದ್ದದ ದೃಷ್ಟಿಯಿಂದ ಅನನುಕೂಲವೇ ಸರಿ.

ಪೂರ್ವಪಕ್ಷವನ್ನು ಮುಚ್ಚಿಡುವುದು ವಿದ್ವಾಂಸರಿಗೆ ತಕ್ಕುದಲ್ಲ. ಅಪ್‌ಡೇಟ್ ಬೇಡವೇ ಬೇಡ ಎಂದಲ್ಲ. 2017ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಮ್ಯಾಥಿ ವಾನ್‌ಹೂಫ್ ‘ಕ್ರ್ಯಾಕ್’ ಎಂಬ ದೋಷವನ್ನು ಬಯಲಿಗಿಟ್ಟರು. ಫೋನು, ಲ್ಯಾಪ್‌ಟಾಪುಗಳು ರೂಟರಿನೊಡನೆ ಮಾಡಿಕೊಳ್ಳುವ ಕೈಕುಲುಕಾಟದ ನಡುವೆ ಮೂರನೆಯವನು ನುಗ್ಗಿ, ಒಮ್ಮೆ ಬಳಸಿದ ಕೀಲಿಯನ್ನು ಮತ್ತೆ ಬಳಸುವಂತೆ ಮಾಡಬಹುದಿತ್ತು. ವಿಂಡೋಸಿಗೆ ಆ ತಿಂಗಳೇ ತೇಪೆ ಬಂತು, ಕೆಲವು ಕಾರ್ಡುಗಳಿಗೆ ಡ್ರೈವರಿನಲ್ಲೂ ತಿದ್ದುಪಡಿ ಬೇಕಾಯಿತು. ಅಂಥದ್ದು ಬಂದಾಗ ಹಾಕಿಕೊಳ್ಳಲೇಬೇಕು. ಬ್ಯಾಂಕಿನ ವ್ಯವಹಾರವನ್ನು ಇಂಥ ಹಳೆಯ ಪ್ರತಿಯಲ್ಲಿ ಮಾಡದಿರುವುದೇ ಲೇಸು.

ಡ್ರೈವರಿನ ತಲೆಗೆ ಕಟ್ಟಿದ ಎಷ್ಟೋ ಅಪವಾದಗಳು ಅದರದ್ದಲ್ಲ. ರೂಟರನ್ನು 2018ರ ಡಬ್ಲ್ಯುಪಿಎ3 ಎಂಬ ಭದ್ರತಾ ಪದ್ಧತಿಗೆ ಮಾತ್ರ ಕಟ್ಟಿಟ್ಟರೆ ವಿಂಡೋಸಿನಲ್ಲಿ ಯಾವ ಡ್ರೈವರ್ ಹಾಕಿದರೂ ಈ ಕಾರ್ಡು ಹೊಸ್ತಿಲು ದಾಟದು; ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡನ್ನೂ ಒಪ್ಪುವಂತೆ ರೂಟರಿನ ಸೆಟ್ಟಿಂಗನ್ನೇ ಬದಲಿಸಬೇಕು. ಕಾರ್ಡಿನಿಂದ ಹೊರಟ ಕಪ್ಪು ಬಿಳಿ ದಾರದಂಥ ಎರಡು ಆಂಟೆನಾ ತಂತಿಗಳು ಕೀಲಿನ ಸಂದಿಯಲ್ಲಿ ಹಾದು ಪರದೆಯ ಹಿಂದಕ್ಕೆ ಹೋಗುತ್ತವೆ. ವರ್ಷಗಟ್ಟಲೆ ತೆರೆದು ಮುಚ್ಚಿ ಅವು ಸವೆದಿದ್ದರೆ ರೂಟರಿನ ಪಕ್ಕದಲ್ಲಿ ಕೂತಾಗ ಮಾತ್ರ ಸಿಗ್ನಲ್ಲು. ಕಾರ್ಡನ್ನೇ ಬದಲಿಸೋಣವೆಂದು ಹೊರಟರೆ, ಕೆಲವು ಹಳೆಯ ಲ್ಯಾಪ್‌ಟಾಪುಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡೊಡನೆ 1802 ಎಂಬ ಸಂಖ್ಯೆ ತೋರಿಸಿ, ಅನಧಿಕೃತ ಕಾರ್ಡು, ಕಿತ್ತುಹಾಕಿ ಎಂದು ಹಟಹಿಡಿದು ನಿಲ್ಲುತ್ತದೆ. ಯುಎಸ್‌ಬಿ ಡಾಂಗಲ್ ತಂದರೆ ಅದರ ಡ್ರೈವರ್ ಅಂಗೈಯಗಲದ ಒಂದು ಸಿ.ಡಿ.ಯಲ್ಲಿ ಬರುವುದುಂಟು, ಲ್ಯಾಪ್‌ಟಾಪಿನ ಸಿ.ಡಿ. ಬಾಗಿಲು ತೆರೆಯದೆ ಎಷ್ಟು ಕಾಲವಾಯಿತೆಂಬುದು ಬೇರೆಯೇ ಕಾಲವಿಚಾರ.

ಕೊನೆಗೊಂದು ಸಂಶೋಧನಾ ವಿಧಾನದ ಮಾತು. ತ್ರಿಕೋನವಿಲ್ಲ, ಡ್ರೈವರ್ ಸರಿಯಾಗಿದೆಯೆಂದೇ ಡಿವೈಸ್ ಮ್ಯಾನೇಜರ್ ಹೇಳುತ್ತದೆ, ಆದರೂ ಒಂದೂ ನೆಟ್‌ವರ್ಕ್ ಕಾಣುತ್ತಿಲ್ಲ ಎಂಬ ಪ್ರಕರಣಗಳಿವೆ. ಆ ಕಾಲದ ಬಹಳಷ್ಟು ಲ್ಯಾಪ್‌ಟಾಪುಗಳ ಮುಂದಿನ ಅಂಚಿನಲ್ಲಿ, ಮಣಿಕಟ್ಟು ತಾಗುವ ಜಾಗದ ಕೆಳಗೆ, ಉಗುರಿನಷ್ಟು ಚಿಕ್ಕದೊಂದು ಜಾರುವ ಸ್ವಿಚ್ ಇರುತ್ತದೆ. ಚೀಲದಿಂದ ತೆಗೆಯುವಾಗ ಅದು ತಾನಾಗಿ ಎಡಕ್ಕೆ ಸರಿದು ವೈಫೈಯನ್ನು ಆಫ್ ಮಾಡುತ್ತದೆ. ಅದನ್ನು ಪರೀಕ್ಷಿಸುವ ಕೆಲಸವನ್ನು ಸಂಶೋಧಕರು ಪ್ರಬಂಧ ಮಂಡಿಸಿದ ಮೇಲೆ ಮಾಡತಕ್ಕದ್ದು. ಮೊದಲೇ ನೋಡಿದರೆ ಬರೆಯಲು ವಿಷಯವಿರುವುದಿಲ್ಲ.