ಕೊರಳಿಗೆ ಬಿದ್ದ ಕ್ಯಾಮೆರಾ

ನಮ್ಮ ಭಾವನವರು ಬ್ಯಾಂಕಿನಿಂದ ನಿವೃತ್ತರಾದ ದಿನ ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಸಮೇತ ಮನೆಗೆ ಬಂದರು. ಹಣ್ಣು ಮೂರು ದಿನಕ್ಕೆ ಮುಗಿಯಿತು, ಪೇಟ ಬೀರು ಸೇರಿತು, ಹಾರ ಗೋಡೆ ಹತ್ತಿತು. ಕೊರಳು ಖಾಲಿಯಾಯಿತು. ಆ ಖಾಲಿ ಕೊರಳಿಗೆ ಬಂದು ಬಿದ್ದದ್ದೇ ಕ್ಯಾಮೆರಾ.

ಇಂಥವರೊಬ್ಬರು ನಿಮ್ಮ ನೆಂಟರಲ್ಲೂ ಇದ್ದಾರು. ಹತ್ತು ಜೇಬಿನ ಜಾಕೆಟ್ಟು, ತಲೆಗೆ ಕಾಡುಬಣ್ಣದ ಟೋಪಿ. ಹೊರಟಿರುವುದು ಮಾತ್ರ ಗೃಹಪ್ರವೇಶಕ್ಕೆ. ಒಂದು ಜೇಬಿನಲ್ಲಿ ಲೆನ್ಸ್ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಎರಡನೇ ಬ್ಯಾಟರಿ. ಮೆಮೊರಿ ಕಾರ್ಡು ಮಾತ್ರ ಮನೆಯ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ.

ಭಾವನ ಡಯಲ್ಲು ಸದಾ ‘ಎಂ’ ಮೇಲೆ. “ಆಟೋ ನಂಬಬಾರದು ಕಣಯ್ಯಾ, ಅವನು ಕರಕೊಂಡು ಹೋದ ದಾರೀಲೇ ಹೋಗಬೇಕಾಗುತ್ತೆ” ಅನ್ನುತ್ತಾರೆ. ಕಾಫಿಗೆ ಕೂತರೆ ಪಾಠ ಶುರು. “ಅಪರ್ಚರ್ ಅಂದ್ರೆ ನಲ್ಲಿ. ಷಟರ್ ಅಂದ್ರೆ ನಲ್ಲಿ ಬಿಟ್ಟಿರೋ ಹೊತ್ತು. ಐಎಸ್‌ಒ ಏರಿಸಿದಷ್ಟೂ ಬಕೆಟ್ ಚಿಕ್ಕದಾಗುತ್ತೆ, ಬೇಗ ತುಂಬುತ್ತೆ. ಆದ್ರೆ ಚಿತ್ರದ ತುಂಬ ರವೆ ಉದುರಿಸಿದ ಹಾಗೆ ಕಾಣುತ್ತೆ. ಮತ್ತೆ ನೆನಪಿಡು, ಈ ನಲ್ಲೀದು ಉಲ್ಟಾ ಲೆಕ್ಕ: ಎಫ್ 1.8 ಅಂದ್ರೆ ಹೆಬ್ಬಾಗಿಲು, ಎಫ್ 16 ಅಂದ್ರೆ ಸೂಜಿಕಣ್ಣು. ಬಕೆಟ್ ತುಂಬಬೇಕು, ಚೆಲ್ಲಬಾರದು.”

ಒಳಗಿನಿಂದ ಅಕ್ಕ ಕೂಗಿದಳು: “ರೀ, ಮೋಟಾರ್ ಆಫ್ ಮಾಡಿದ್ರಾ? ಮೇಲೆ ಟ್ಯಾಂಕ್ ತುಂಬಿ ಹರೀತಿದೆ!”

ಮೊದಮೊದಲು ಭಾವನಿಗೆ ಕ್ಯಾಮೆರಾದ ಕಿಂಡಿಯಲ್ಲಿ ಲೋಕವೆಲ್ಲ ಮಂಜು ಮಂಜು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕನ್ನಡಕವನ್ನೇ ಬದಲಾಯಿಸಿದರು. ಆದರೂ ಮಂಜು ಕರಗಲಿಲ್ಲ. ಕೊನೆಗೆ ಅಂಗಡಿಯ ಹುಡುಗನೊಬ್ಬ ಕಿಂಡಿಯ ಪಕ್ಕದಲ್ಲಿದ್ದ ಕಡಲೆಬೇಳೆ ಗಾತ್ರದ ಚಕ್ರವನ್ನು ಉಗುರಿನಿಂದ ಎರಡು ಹಲ್ಲು ತಿರುಗಿಸಿದ, ಲೋಕ ತಿಳಿಯಾಯಿತು. ನೋಡುವವರ ಕಣ್ಣಿಗೆ ತಕ್ಕಂತೆ ಕಿಂಡಿಯನ್ನು ಹೊಂದಿಸುವ ಡಯಾಪ್ಟರ್ ಅದು. ಭಾವ ಇಂದಿಗೂ ಹೊಸ ಕನ್ನಡಕದ ಬೆಲೆ ಹೇಳುವುದಿಲ್ಲ.

ಅವರ ಆರಾಧ್ಯ ದೈವ ಪೂರ್ಣಚಂದ್ರ ತೇಜಸ್ವಿ. “ಮೂಡಿಗೆರೆ ಕಾಡಲ್ಲಿ ಒಂದು ಹಕ್ಕಿಗೋಸ್ಕರ ಎಷ್ಟು ಹೊತ್ತು ಕಾಯ್ತಿದ್ರು ಗೊತ್ತಾ?” ನಿಜವೇ. ತೇಜಸ್ವಿ ಹಕ್ಕಿಗಾಗಿ ಕಾದರು. ನಾವು ಭಾವನಿಗಾಗಿ ಕಾಯುತ್ತೇವೆ, ಹಲ್ಲು ಕಿರಿದುಕೊಂಡು, ಉರಿಬಿಸಿಲಿನಲ್ಲಿ.

ಮೊನ್ನೆ ಮೊಮ್ಮಗನ ನಾಮಕರಣ. ಬಾಡಿಗೆ ಫೋಟೋಗ್ರಾಫರ್ ಬೇಡವೇ ಬೇಡ ಎಂದು ಭಾವನೇ ನಿಂತರು. ಹೋಮದ ಹೊಗೆ, ಮಬ್ಬು ಬೆಳಕು. ಅಳಿಯ ಮಗುವಿನ ಕಿವಿಗೆ ಬಾಗಿ ಹೆಸರು ಹೇಳಿದ. ಕ್ಲಿ...ಕ್. ತೆರೆಯ ಮೇಲೆ ಮಗುವಿಗೆ ಆರು ಕೈ. ಫ್ಲ್ಯಾಷ್ ಎಬ್ಬಿಸಿ ಮತ್ತೆ ಹೇಳಿಸಿದರು. ಈ ಸಲ ಮಗುವೇ ಇಲ್ಲ, ಬರೀ ಬಿಳಿ ಮೋಡ.

ಶಾಸ್ತ್ರಿಗಳು ಮಂತ್ರ ನಿಲ್ಲಿಸಿದರು. “ರಾಯರೇ, ಫ್ಲ್ಯಾಷ್ ಮಡಚಿ. ಹೊಗೆಗೆ ಬಡಿದು ವಾಪಸ್ ಬರುತ್ತೆ. ಐಎಸ್‌ಒ ಎಷ್ಟಿದೆ?”

“ನೂರು... ರವೆ ಬರಬಾರದು ಅಂತ.”

“ಷಟರ್?”

“1/8.”

“ಅಷ್ಟು ಹೊತ್ತು ಕಂದಮ್ಮ ಸುಮ್ಮನಿರುತ್ತಾ? ಐಎಸ್‌ಒ 1600 ಮಾಡಿ, ಷಟರ್ 1/125ಕ್ಕೆ ತನ್ನಿ. ರವೆ ಬಂದ್ರೆ ಬರಲಿ, ಮಗು ಬರಬೇಕಲ್ಲ.”

ಭಾವ ಬ್ಯಾಂಕಿನ ಗತ್ತಿನಲ್ಲಿ ಬೆರಳು ಮಡಚಿದರು. ಇನ್ನೂರು, ನಾನೂರು, ಎಂಟುನೂರು, ಸಾವಿರದಾರುನೂರು: ನಾಲ್ಕು ಮೆಟ್ಟಿಲು ಜಮಾ. 1/15, 1/30, 1/60, 1/125: ನಾಲ್ಕು ಖರ್ಚು. ಲೆಕ್ಕ ತಾಳೆಯಾಯಿತು.

“ಶಾಸ್ತ್ರಿಗಳೇ, ನಿಮ್ಮದು ಯಾವ ಕ್ಯಾಮೆರಾ?”

“ಕ್ಯಾಮೆರಾ ಎಲ್ಲಿಂದ ಬರಬೇಕು ಸ್ವಾಮಿ? ಮೂವತ್ತು ವರ್ಷದಿಂದ ಹೊಗೆ ಇದೆ, ಎದುರಿಗೆ ಒಬ್ಬೊಬ್ಬ ಫೋಟೋಗ್ರಾಫರ್ ಇದ್ದಾನೆ. ಕಿವಿಗೆ ಬಿದ್ದದ್ದು.”

ಏಳನೇ ಸಲಕ್ಕೆ ಚಿತ್ರ ಸಿಕ್ಕಿತು. ಅಪ್ಪನ ತುಟಿ, ಮಗುವಿನ ಕಿವಿ, ನಡುವೆ ಒಂದೆಳೆ ಹೊಗೆ. ಸೊಗಸಾಗಿತ್ತು. ಶಾಸ್ತ್ರ ಮೂರು ಸಲ ಅಂದರೂ ಮಗು ತನ್ನ ಹೆಸರನ್ನು ಏಳು ಸಲ ಕೇಳಿತ್ತು. ಇನ್ನು ಮರೆಯುವ ಭಯವಿಲ್ಲ.

ದಕ್ಷಿಣೆಯ ಹೊತ್ತಿಗೆ ಅಕ್ಕ ತಟ್ಟೆಯಲ್ಲಿ ಎರಡು ತಾಂಬೂಲ ಇಟ್ಟಳು. ಭಾವ ಹುಬ್ಬೇರಿಸಿದರು.

“ಒಂದು ಹೆಸರಿಟ್ಟದ್ದಕ್ಕೆ,” ಅಂದಳು, “ಇನ್ನೊಂದು ಫೋಟೋ ತೆಗೆದದ್ದಕ್ಕೆ.”