ಕಲ್ಯಾಣಮಂಟಪ–ಕಿಬೇರಾ ಮೀಮಾಂಸೆ

ಹನ್ನೊಂದು ತಿಂಗಳು ಕಲ್ಯಾಣಮಂಟಪದಲ್ಲಿ ನಿಂತು ‘ಸ್ವಲ್ಪ ನಗಿ ಸಾರ್, ಇನ್ನೂ ಸ್ವಲ್ಪ’ ಎಂದು ಅಂಗಲಾಚಿ, ಹನ್ನೆರಡನೆಯ ತಿಂಗಳು ಸಮುದ್ರೋಲ್ಲಂಘನ ಮಾಡಿ, ನಗುತ್ತಾ ಓಡಿಬಂದ ಪರದೇಶದ ಮಕ್ಕಳಿಗೆ ‘ನಗಬೇಡಿ, ಹಾಗೇ ದೂರ ನೋಡಿ’ ಎಂದು ಕೈಸನ್ನೆ ಮಾಡುವ ಜೀವಿಯೊಂದು ನಮ್ಮ ನಡುವೆ ಇದೆ. ಶಾಸ್ತ್ರದಲ್ಲಿ ಇದಕ್ಕೆ ‘ಉಭಯವೃತ್ತಿ ಛಾಯಾಗ್ರಾಹಕ’ ಎಂದು ಹೆಸರು. ಯಾವ ಶಾಸ್ತ್ರದಲ್ಲಿ ಎಂದು ಕೇಳಬಾರದು. ಅದನ್ನೇ ಈಗ ಬರೆಯುತ್ತಿದ್ದೇವೆ. ಮೀಮಾಂಸಕರ ಪದ್ಧತಿಯಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳು ಪ್ರಬಂಧಕ್ಕಿರಬೇಕು. ಸಂಶಯವನ್ನು ಓದುಗರಿಗೇ ಬಿಟ್ಟು ಉಳಿದವನ್ನು ಕೈಗೆತ್ತಿಕೊಳ್ಳುತ್ತೇವೆ.

ಗಂಭೀರ ಸಂಶೋಧನೆ ಎಂದಮೇಲೆ ಮೊದಲು ಕಾಲನಿರ್ಣಯವಾಗಬೇಕು. ಉಭಯವೃತ್ತಿಯು ಪರದೇಶಸೇವೆಗೆ ಹೊರಡುವುದು ಯಾವಾಗ? ‘ಒಳದನಿ ಕರೆದಾಗ’ ಎಂಬುದು ಅವನ ಸ್ವಂತ ಹೇಳಿಕೆ. ಪಂಚಾಂಗ ತೆರೆದರೆ ಈ ಹೇಳಿಕೆ ನಿಲ್ಲುವುದಿಲ್ಲ. ಬೆಂಗಳೂರಿರಲಿ ದಾವಣಗೆರೆಯಿರಲಿ, ಒಳದನಿ ಕರೆಯುವುದು ಆಷಾಢದಲ್ಲಿ. ಆಗ ಮುಹೂರ್ತಗಳಿಲ್ಲ, ಛತ್ರಗಳಿಗೆ ಬೀಗ, ಲೈಟ್ ಹಿಡಿಯುವ ಹುಡುಗ ಊರಿಗೆ ಹೋಗಿರುತ್ತಾನೆ. ಧನುರ್ಮಾಸದಲ್ಲೂ ಕ್ಷೀಣವಾಗಿ ಒಂದು ದನಿ ಕೇಳಿಸುವುದುಂಟು. ಶ್ರಾವಣ ಹುಟ್ಟಿತೋ, ದನಿ ಬಂದ್, ವಿಮಾನ ವಾಪಸ್. ಕರುಣೆಯು ಪಂಚಾಂಗ ರೀತ್ಯಾ ಉದಯಿಸುತ್ತದೆ ಎಂಬುದು ಇಲ್ಲಿಗೆ ಸಿದ್ಧವಾಯಿತು.

ಆಷಾಢವೆಂದರೆ ಹೆಚ್ಚೂಕಡಿಮೆ ಜುಲೈ. ಈ ಸೇವಾಯಾತ್ರೆ ಹೋಗಿ ಮುಟ್ಟುವ ಕೀನ್ಯಾದ ನೈರೋಬಿಯಲ್ಲಿ ಅದು ವರ್ಷದ ಅತಿ ತಣ್ಣನೆಯ ಕಾಲ. ಊರು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಅಂದರೆ ಬೆಂಗಳೂರಿನ ಇಮ್ಮಡಿ. ಆಫ್ರಿಕಾ ಎಂದರೆ ಉರಿಬಿಸಿಲು ಎಂದು ನಂಬಿ ಬರೀ ಕಾಟನ್ ಅಂಗಿ ತುಂಬಿಕೊಂಡು ಬಂದ ಸೇವಾರ್ಥಿ ಕಿಬೇರಾ ಎಂಬ ಅಲ್ಲಿನ ಕೊಳೆಗೇರಿಯ ಓಣಿಯಲ್ಲಿ ಹಲ್ಲು ಕಟಕಟಿಸುತ್ತಾ ನಿಂತಾಗ, ಅಲ್ಲಿಯ ತಾಯಿಯೊಬ್ಬಳು ತನ್ನ ಮಗನ ಸ್ವೆಟರನ್ನು ಅವನಿಗೆ ಕೊಟ್ಟಾಳು. ಆ ದೃಶ್ಯದ ಫೋಟೊ ಮಾತ್ರ ಯಾವ ಪ್ರದರ್ಶನದಲ್ಲೂ ಕಾಣಸಿಗದು. ಈ ಕೊರತೆಯನ್ನು ನಾರ್ವೆಯ ಒಂದು ವಿದ್ಯಾರ್ಥಿ ಸಂಘಟನೆ ತುಂಬಿದೆ. ಚಳಿಯಲ್ಲಿ ನಡುಗುವ ಬಡಪಾಯಿ ನಾರ್ವೆಯವರಿಗೆ ಆಫ್ರಿಕದ ಜನ ರೂಮು ಬೆಚ್ಚಗಿಡುವ ರೇಡಿಯೇಟರ್‌ಗಳನ್ನು ದಾನ ಮಾಡಬೇಕೆಂದು ಕರೆಕೊಡುವ ‘ರೇಡಿ-ಏಡ್’ ಎಂಬ ಅಭಿಯಾನದ ಹಾಡಿನ ವಿಡಿಯೊವನ್ನು ಅದು 2012ರಲ್ಲಿ ಹೊರತಂದಿತು. ಅಣಕದಲ್ಲಿ ಅವರು ನಮ್ಮನ್ನು ಮೀರಿಸಿದ್ದಾರೆ. ಹೊಟ್ಟೆಕಿಚ್ಚಿನಿಂದಲೇ ಉಲ್ಲೇಖಿಸುತ್ತಿದ್ದೇವೆ.

ಇನ್ನು ಗುರುಪರಂಪರೆ. ಈ ಕುಲದ ಮೂಲಪುರುಷ ಒಬ್ಬ ಹೆಂಗಸು. ಅಮೆರಿಕದ ಡೊರೊಥಿಯಾ ಲ್ಯಾಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟುಡಿಯೊ ಇಟ್ಟುಕೊಂಡು ಸಿರಿವಂತರ ಭಾವಚಿತ್ರ ತೆಗೆಯುತ್ತಿದ್ದವರು. ಮಹಾ ಆರ್ಥಿಕ ಕುಸಿತ ಬಂತು. ಸ್ಟುಡಿಯೊ ಬಿಟ್ಟು ಬೀದಿಗಿಳಿದರು. 1936ರಲ್ಲಿ, ಸರ್ಕಾರದ ಕೆಲಸದ ಮೇಲೆ, ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರಕ್ಕೆ ಹೋಗಿ 32 ವರ್ಷದ ತಾಯಿಯೊಬ್ಬಳನ್ನು ಮಕ್ಕಳ ಸಮೇತ ಸೆರೆಹಿಡಿದರು. ವಯಸ್ಸು ತಿಳಿದುಕೊಂಡರು, ಹೆಸರು ಕೇಳಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂದು ಆಕೆಯೇ ಹೇಳಿದರು. ಲ್ಯಾಂಗ್ ಸಂಬಳದ ಮೇಲಿದ್ದವರು, ಅವರೇನೂ ಅದರಿಂದ ಕೋಟೆ ಕಟ್ಟಲಿಲ್ಲ. ಆದರೆ 1998ರಲ್ಲಿ ಅದರ ಒಂದು ಪ್ರತಿ ಹರಾಜಿನಲ್ಲಿ 2,44,500 ಡಾಲರಿಗೆ ಹೋಯಿತು.

ಸಮುದ್ರೋಲ್ಲಂಘನಕ್ಕೆ ಪ್ರಮಾಣಪುರುಷ ಬ್ರೆಜಿಲ್‌ನ ಸೆಬಾಸ್ಟಿಯೊ ಸಾಲ್ಗಾಡೊ. ಓದಿದ್ದು ಅರ್ಥಶಾಸ್ತ್ರ, ಕೆಲಸ ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ. 1973ರಲ್ಲಿ ಅದನ್ನು ಬಿಟ್ಟು ಕ್ಯಾಮೆರಾವನ್ನೇ ವೃತ್ತಿ ಮಾಡಿಕೊಂಡರು. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ ಸಾಲ್ಗಾಡೊ ಅಲ್ಲೇ ಇದ್ದರು. ಆ ಚಿತ್ರಗಳನ್ನು ಪತ್ರಿಕೆಗಳಿಗೆ ಮಾರಿ, ಬಂದ ಹಣದಲ್ಲಿ ಆಫ್ರಿಕಕ್ಕೆ ಹೋದರು. ಮುಂದೆ 1984ರಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಜೊತೆಗೂಡಿ ಸಹೇಲ್ ಪ್ರದೇಶದ ಬರಗಾಲವನ್ನು ಚಿತ್ರಿಸತೊಡಗಿದರು. ಅಮೆರಿಕದ ಅಧ್ಯಕ್ಷರಿಗೆ ಬಿದ್ದ ಗುಂಡಿನಿಂದ ಆಫ್ರಿಕದ ಯಾತ್ರೆಗೆ ಹಾದಿಖರ್ಚು ಹುಟ್ಟಿತು ಎಂದಾದ ಮೇಲೆ, ಮದುವೆಯ ಅಡ್ವಾನ್ಸಿನಲ್ಲಿ ಟಿಕೆಟ್ ಮಾಡಿಸುವ ನಮ್ಮವರು ಸಂಕೋಚಪಡುವ ಕಾರಣವೇ ಇಲ್ಲ. ಸಾಲ್ಗಾಡೊ ಹುಟ್ಟೂರಿನಲ್ಲಿ ಹೆಂಡತಿ ಲೇಲಿಯಾ ಜೊತೆ 1998ರಲ್ಲಿ ಸಂಸ್ಥೆ ಕಟ್ಟಿ, ಬೋಳುಗುಡ್ಡದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಿಡ ನೆಡಿಸಿದರು. ಅದೇ ಸಾಲ್ಗಾಡೊ, ಪ್ರಕೃತಿಯನ್ನು ಕೊಂಡಾಡುವ ‘ಜೆನೆಸಿಸ್’ ಪ್ರದರ್ಶನಕ್ಕೆ ವಾಲೆ ಎಂಬ ಗಣಿ ಕಂಪನಿಯ ಪ್ರಾಯೋಜಕತ್ವ ಪಡೆದು ಬೈಸಿಕೊಂಡರು. ತಕ್ಕಡಿ ಹಿಡಿದವರ ಕೈ ನಡುಗುವುದು ಸಹಜ. ಈ ಲೇಖಕ ಅದನ್ನು ದೋಷವೆಂದು ಎಣಿಸುವುದಿಲ್ಲ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 2003ರ ತಮ್ಮ ಪುಸ್ತಕದಲ್ಲಿ ಎತ್ತಿದ ಆಕ್ಷೇಪವೇ ಹೆಚ್ಚು ಚುಚ್ಚುವಂಥದ್ದು: ವಲಸಿಗರನ್ನು ಕುರಿತ ಸಾಲ್ಗಾಡೊ ಚಿತ್ರಗಳ ಅಡಿಬರಹದಲ್ಲಿ ಅವರ ಹೆಸರುಗಳೇ ಇಲ್ಲ.

ಈಗ ಪೂರ್ವಪಕ್ಷ. ‘ದುಡ್ಡಿಗಾಗಿ ತೆಗೆದ ಫೋಟೊ ಕೀಳು, ಸೇವೆಗಾಗಿ ತೆಗೆದದ್ದು ಮೇಲು, ಮೊದಲನೆಯದು ಹೊಟ್ಟೆಪಾಡು, ಎರಡನೆಯದು ಪುಣ್ಯ’ ಎಂದು ಪೂರ್ವಪಕ್ಷಿ. ಇವನು ಆಲ್ಬಮ್ ಸೆಲೆಕ್ಷನ್ ನಡೆಯುವ ಮನೆಗೆ ಒಮ್ಮೆಯೂ ಹೋದವನಲ್ಲ.

ಭಾನುವಾರ ಸಂಜೆ. ಪೆನ್‌ಡ್ರೈವನ್ನು ಟೀವಿಗೆ ಚುಚ್ಚಿದೆ. ಸೋಫಾದ ಮೇಲೆ ಹಿರಿಯರು, ಚಾಪೆಯ ಮೇಲೆ ಕಿರಿಯರು, ನಡುವೆ ಚಕ್ಕುಲಿ ತಟ್ಟೆ. ‘ಇದ್ರಲ್ಲಿ ನನ್ ಕಣ್ಣು ಮುಚ್ಚಿದೆ, ತೆಗೀರಿ ಇದನ್ನ’ ಎನ್ನುತ್ತಾರೆ ಸೋದರತ್ತೆ. ‘ನಾನು ತಾಂಬೂಲ ಕೊಡೋದು ಎಲ್ರೀ? ಒಂದೂ ಕಾಣಿಸ್ತಿಲ್ವಲ್ಲ!’ ಎಂದು ಹುಡುಗಿಯ ಚಿಕ್ಕಪ್ಪ. ಮಾಂಗಲ್ಯಧಾರಣೆಯ ಹೊತ್ತಿಗೆ ಅಡ್ಡ ನಿಂತು ಮುನ್ನೂರು ಜನರ ಅಕ್ಷತೆಯನ್ನು ಸ್ವಂತ ಬೆನ್ನಿನ ಮೇಲೆ ಸ್ವೀಕರಿಸಿದ ವೀರ ಇಲ್ಲಿ ಕೈಕಟ್ಟಿ ನಿಂತು ‘ಆಯ್ತಮ್ಮ’, ‘ಮಾಡೋಣ ಸಾರ್’ ಎನ್ನುತ್ತಿದ್ದಾನೆ. ‘ಅಣ್ಣಾ, ಈ ಫೋಟೊ ಮಾತ್ರ ನಿಮ್ಮ ಇನ್‌ಸ್ಟಾಗ್ರಾಮ್‌ಗೆ ಹಾಕ್ಬೇಡಿ ಪ್ಲೀಸ್’ ಎಂದು ಮದುಮಗಳು ಹೇಳಿದಳು; ಹಾಕುವುದಿಲ್ಲ ಎಂದು ಅವನು ಮಾತು ಕೊಟ್ಟ. ಊಟದ ಸಾಲಿನಲ್ಲಿ ಬಾಯಿ ತೆರೆದವರು, ಬೆವರಿಗೆ ಹಣೆ ಮಿಂಚಿದವರು, ಸೆರಗು ಜಾರಿದವರು, ಎಲ್ಲರ ಮಾನವೂ ಅರ್ಧ ಗಂಟೆಯಲ್ಲಿ ಉಳಿಯಿತು.

ಅದೇ ಕ್ಯಾಮೆರಾ, ಅದೇ ಲೆನ್ಸು, ಕಿಬೇರಾ. ರಸ್ತೆಬದಿಯಲ್ಲಿ ಮಂದಾಜಿ ಎಂಬ ತಿಂಡಿ ಕರಿಯುತ್ತಿರುವ ಹೆಂಗಸು ಇದ್ದಿಲ ಒಲೆಯ ಹೊಗೆಗೆ ಕಣ್ಣು ಮುಚ್ಚುತ್ತಾಳೆ. ಕ್ಲಿಕ್. ಸೋದರತ್ತೆಯ ಮುಚ್ಚಿದ ಕಣ್ಣು ಡಿಲೀಟ್ ಆಯಿತು. ಈಕೆಯ ಮುಚ್ಚಿದ ಕಣ್ಣು ‘ಮೌನವೇದನೆ’ ಎಂಬ ಹೆಸರಿನಲ್ಲಿ ಕಪ್ಪು–ಬಿಳುಪಾಗಿ, ಆಳೆತ್ತರ ಪ್ರಿಂಟಾಗಿ, ಗೋಡೆಗೇರಿತು. ಕರಿದ ಮಂದಾಜಿಗೆ ಆ ದಿನ ಒಳ್ಳೆ ವ್ಯಾಪಾರವಾಗಿತ್ತು, ಆಕೆ ಖುಷಿಯಾಗೇ ಇದ್ದಳು ಎಂಬ ಪಾಠಾಂತರವಿದೆ. ಕ್ಯುರೇಟರುಗಳು ಅದನ್ನು ಪ್ರಕ್ಷಿಪ್ತವೆಂದು ಕೈಬಿಟ್ಟಿದ್ದಾರೆ.

ಈ ತಾರತಮ್ಯಕ್ಕೆ ವಿಧಿವಾಕ್ಯದ ಬೆಂಬಲವೂ ಇದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ಅಂದರೆ ಮದುವೆಯ ಫೋಟೊ ಛಾಯಾಗ್ರಾಹಕನದಲ್ಲ, ಮದುಮಗಳದೂ ಅಲ್ಲ, ಬಿಲ್ಲು ಕಟ್ಟಿದ ಅಪ್ಪನದು. ಅಪ್ಪ ಸಾಲ ಮಾಡಿ ಕಟ್ಟಿದ್ದರೆ ಬ್ಯಾಂಕಿನದೇ ಎಂಬ ಸೂಕ್ಷ್ಮ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ. ಈ ತರ್ಕವನ್ನು ಹಾಗೇ ಮುಂದಕ್ಕೆ ಒಯ್ದರೆ, ಹಣ ಕೊಡದೆ ಬರೀ ಮುಖ ಕೊಟ್ಟವಳಿಗೆ ಏನೂ ಉಳಿಯುವುದಿಲ್ಲ. ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ 1984ರಲ್ಲಿ ಪೆಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಆಫ್ಘನ್ ಹುಡುಗಿಯ ಚಿತ್ರ 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೇರಿ ಜಗತ್ತನ್ನೆಲ್ಲ ಸುತ್ತಿತು. ಆ ಹುಡುಗಿ, ಶರ್ಬತ್ ಗುಲಾ, ಅದನ್ನು ಮೊದಲ ಸಲ ಕಂಡದ್ದು 2002ರಲ್ಲಿ. ನಮ್ಮಲ್ಲಿ ಆಲ್ಬಮ್ ಮೂರು ತಿಂಗಳು ತಡವಾದರೆ ಬೀಗರ ಕಡೆಯಿಂದಲೂ ಫೋನ್ ಬರುತ್ತದೆ.

ಆದಕಾರಣ ಸಿದ್ಧಾಂತ: ಫೋಟೊಗಳಲ್ಲಿ ಎರಡೇ ಜಾತಿ. ಬೈಯಬಲ್ಲವರ ಫೋಟೊ, ಬೈಯಲಾರದವರ ಫೋಟೊ. ಸೋದರತ್ತೆ ಬೈಯಬಲ್ಲಳು, ಆದ್ದರಿಂದ ಅವಳ ಮಾನ ಕ್ಷೇಮ. ಉಭಯವೃತ್ತಿಯು ತನ್ನ ಮದುವೆ ಕಸುಬಿಗಾಗಿ ನಾಚಬೇಕಿಲ್ಲ. ಅವನು ಸೌಜನ್ಯ ಕಲಿತದ್ದು ಅಲ್ಲೇ. ಕಲಿತದ್ದನ್ನು ವಿಮಾನ ಹತ್ತುವಾಗ ಲಗೇಜಿನಲ್ಲಿ ಹಾಕಿಕೊಳ್ಳಲು ಮರೆಯುತ್ತಾನೆ, ಅಷ್ಟೇ. ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕದೆ ಕೈಚೀಲದಲ್ಲೇ ಒಯ್ಯಬೇಕೆಂಬ ನಿಯಮ ನೆನಪಿರುತ್ತದೆ, ಕೀನ್ಯಾದಿಂದ ಮರಳುವಾಗ ಹಳದಿ ಜ್ವರದ ಲಸಿಕೆಯ ಕಾರ್ಡು ತೋರಿಸಬೇಕೆಂಬುದೂ ನೆನಪಿರುತ್ತದೆ. ಹೆಸರು ಕೇಳಬೇಕು, ಚಿತ್ರ ತೋರಿಸಬೇಕು, ಬೇಡವೆಂದರೆ ಅಳಿಸಬೇಕು ಎಂಬುದು ಮಾತ್ರ ಇಮಿಗ್ರೇಷನ್ ದಾಟುವುದಿಲ್ಲ.

ಸಂಗತಿ ಎಂಬ ಐದನೆಯ ಅಂಗವನ್ನು ಪುಟಮಿತಿಯ ಕಾರಣ ಸಂಕ್ಷೇಪಿಸಿದ್ದೇವೆ. ಈ ಸಿದ್ಧಾಂತವನ್ನು ನಮ್ಮ ಅಪ್ಪಣೆಗೆ ಕಾಯದೆ ಆಚರಣೆಗೆ ತಂದವರೊಬ್ಬರಿದ್ದಾರೆ. ಅಮೆರಿಕದ ನ್ಯಾಶ್‌ವಿಲ್‌ನ ಜೆರೆಮಿ ಕವರ್ಟ್, ತಾರೆಯರ ಭಾವಚಿತ್ರ ತೆಗೆದು ಬದುಕುವ ಪಕ್ಕಾ ಕಮರ್ಷಿಯಲ್ ಛಾಯಾಗ್ರಾಹಕ. ‘ಹೆಲ್ಪ್-ಪೋರ್ಟ್ರೇಟ್’ ಎಂಬ ಅವರ ಯೋಜನೆಯಲ್ಲಿ 2009ರ ಡಿಸೆಂಬರಿನಿಂದ ಹಲವು ದೇಶಗಳ ಛಾಯಾಗ್ರಾಹಕರು ಕೈಲಾಗದವರ ಫೋಟೊ ತೆಗೆದು, ಪ್ರಿಂಟ್ ಹಾಕಿ, ಅವರ ಕೈಗೇ ಕೊಡುತ್ತಾ ಬಂದಿದ್ದಾರೆ. 2010ರ ಭೂಕಂಪದ ನಂತರ ಕವರ್ಟ್ ಹೈಟಿಗೆ ಹೋದಾಗ, ಅಲ್ಲಿನ ಜನ ತಾವು ಹೇಳಬೇಕಾದ್ದನ್ನು ಕುಸಿದ ಕಟ್ಟಡಗಳ ಚೂರುಗಳ ಮೇಲೆ ಬರೆದು ಹಿಡಿದು ನಿಂತರು. ಅಡಿಬರಹವನ್ನು ಫೋಟೊದಲ್ಲಿದ್ದವರೇ ಬರೆದದ್ದರಿಂದ ಕ್ಯುರೇಟರುಗಳಿಗೆ ‘ಮೌನವೇದನೆ’ ಎಂದು ಹೆಸರಿಡಲು ಜಾಗವೇ ಉಳಿಯಲಿಲ್ಲ.

ಕೊನೆಯದಾಗಿ ವಾಚಕ ಮಹಾಶಯರಲ್ಲಿ ಒಂದು ಅರಿಕೆ. ಪ್ರಿಂಟ್ ಹಾಕಿಸಿ ಕೊಡಲು ಕಾಗದ ಬೇಕು, ಕಾಗದಕ್ಕೆ ದುಡ್ಡು ಬೇಕು, ಆ ದುಡ್ಡು ನಿಮ್ಮಲ್ಲಿ ಕೆಲವರ ಹತ್ತಿರ ಸಿಕ್ಕಿಕೊಂಡಿದೆ. ಮಗಳ ಮದುವೆಯಾಗಿ, ಮೊಮ್ಮಗುವಿನ ನಾಮಕರಣವೂ ಮುಗಿದು, ಅದಕ್ಕೂ ಅದೇ ಛಾಯಾಗ್ರಾಹಕನನ್ನೇ ಕರೆಸಿದ್ದೀರಿ. ಆಲ್ಬಮ್ಮಿನ ಬಾಕಿ ಮಾತ್ರ ಹಾಗೇ ಇದೆ. ದಯವಿಟ್ಟು ಆಷಾಢ ಹುಟ್ಟುವುದರೊಳಗೆ ಕೊಟ್ಟುಬಿಡಿ.